ಅತ್ತೆಯ ಹೆಸರಿನ ಜ್ವರ

ಇದರಲ್ಲಿ ಒಂದಕ್ಷರ ಸುಳ್ಳಿದ್ದರೆ ನನ್ನ ಉಳಿ ನನ್ನ ಹೆಬ್ಬೆರಳಿನ ಮೇಲೇ ಬೀಳಲಿ. ಈ ಹೆಬ್ಬೆರಳಿನ ತುದಿ ಆಗಲೇ ಇಲ್ಲವಲ್ಲ ಎಂದು ನೋಡುತ್ತಿದ್ದೀರಿ. ಅದು ಬೇರೆ ಕತೆ. ಅದೂ ನಿಜವೇ.

ನೀವು ಗಡಿಯಾರ ರಿಪೇರಿಯವರು, ಮರ್ಯಾದಸ್ಥರು, ಚೀಲದಲ್ಲಿ ಸೇಬು ತುಂಬಿಕೊಂಡು ನಮ್ಮಕ್ಕನನ್ನು ಮದುವೆಯಾಗುವ ಮಾತಾಡಲು ಬಂದಿದ್ದೀರಿ. ಬಹಳ ಸಂತೋಷ. ಕೂತುಕೊಳ್ಳಿ. ಸೇಬು ಇಲ್ಲಿ ಕೊಡಿ, ತಮ್ಮನ ಕೈಗೆ ಬಂದರೆ ಅಕ್ಕನ ಕೈಗೆ ಬಂದ ಹಾಗೇ. ಅವಳು ಒಳಗೆ ಚಹಾ ಕಾಸುತ್ತಿದ್ದಾಳೆ. ಅಷ್ಟರಲ್ಲಿ ಅವಳ ಮೊದಲನೇ ಗಂಡ ಹೇಗೆ ಹೋದರು ಎಂದು ಹೇಳಿಬಿಡುತ್ತೇನೆ. ನೀವು ಕೇಳಲಿಲ್ಲ, ಸರಿ. ಆಮೇಲೆ ಮೊದಲೇ ಯಾಕೆ ಹೇಳಲಿಲ್ಲ ಎಂದು ನೀವು ಅನ್ನಬಾರದು, ಅನ್ನಲು ನೀವು ಇರದೇ ಹೋದರೆ ನನ್ನ ಮನಸ್ಸಿಗೂ ಸಮಾಧಾನ ಇರುವುದಿಲ್ಲ.

ಬಾಗಿಲು ತೆಗೆದಾಗ ಅವಳ ಎಡಗೈಯ ಚುಕ್ಕೆಗಳನ್ನು ನೋಡಿದಿರಿ. ನೋಡದವರ ಹಾಗೆ ಗೋಡೆ ನೋಡಿದಿರಿ. ಅದು ರೋಗವಲ್ಲ, ನೌಕರಿ.

ಅಕ್ಕ, ಭಾವ, ನಾನು ಮೂವರೂ ಒಂದೇ ಕಡೆ ಕೆಲಸಕ್ಕಿದ್ದೆವು. ಕಾಲುವೆಯ ಆಚೆ ಬೂದು ಬಣ್ಣದ ಕಟ್ಟಡ ಇದೆಯಲ್ಲ, ಅಲ್ಲಿ ಮಲೇರಿಯಾದ ರೋಗಾಣು ಸಾಕುತ್ತಾರೆ. ಕೊಲ್ಲುವುದನ್ನು ಕಲಿಯಬೇಕಾದರೆ ಮೊದಲು ಸಾಕಬೇಕು. ಈ ರೋಗಾಣು ಅರ್ಧ ಆಯುಷ್ಯ ಸೊಳ್ಳೆಯೊಳಗೆ, ಅರ್ಧ ಆಯುಷ್ಯ ಕೋತಿಯೊಳಗೆ ಕಳೆಯುತ್ತದೆ, ಎರಡು ಮನೆ ಮಾಡಿದ ಗಂಡಸಿನ ಹಾಗೆ. ಅದಕ್ಕೇ ಅಲ್ಲಿ ಒಂದು ಸೊಳ್ಳೆ ಕೋಣೆ, ಒಂದು ಕೋತಿ ಕೋಣೆ. ಸೊಳ್ಳೆಗೆ ಅಕ್ಕ, ಕೋತಿಗೆ ಭಾವ, ಎರಡಕ್ಕೂ ಪಂಜರ ಪೆಟ್ಟಿಗೆ ಮಾಡುವ ಬಡಗಿ ನಾನು. ಹೆಂಡತಿ ಸಾಕಿದ್ದು ಹೋಗಿ ಗಂಡ ಸಾಕಿದ್ದನ್ನು ಕಚ್ಚಬೇಕು, ಅದಕ್ಕೆ ಇಬ್ಬರಿಗೂ ಸಂಬಳ. ಹೊರಗೆ ಎಷ್ಟೋ ಸಂಸಾರಗಳು ಇದೇ ಕೆಲಸವನ್ನು ಬಿಟ್ಟಿ ಮಾಡುತ್ತವೆ.

ಮೊದಲು ಅಕ್ಕನ ಸೊಳ್ಳೆಗಳ ವಿಷಯ. ಕಚ್ಚುವುದು ಹೆಣ್ಣು ಸೊಳ್ಳೆ ಮಾತ್ರ. ಗಂಡು ಸೊಳ್ಳೆ ಸಕ್ಕರೆ ನೀರು ಹೀರಿಕೊಂಡು ಮೂಲೆಯಲ್ಲಿ ಬಿದ್ದಿರುತ್ತದೆ. ಹೆಣ್ಣಿಗೆ ಮೊಟ್ಟೆ ಇಡಲು ರಕ್ತ ಬೇಕು. ಅಕ್ಕನಿಗಿಂತ ಮೊದಲು ಇದ್ದವರು ಅದಕ್ಕೆ ಇಲಿ ಇಡುತ್ತಿದ್ದರು. ಅಕ್ಕನಿಗೆ ಇಲಿ ಎಂದರೆ ಹೇಸಿಗೆ. "ಇಲಿ ಮುಟ್ಟೋದಕ್ಕಿಂತ ನನ್ನ ಕೈಯೇ ವಾಸಿ," ಎಂದು ತೋಳು ಮಡಚಿ ಪಂಜರದೊಳಗೆ ಎಡಗೈ ಇಟ್ಟಳು. ಇವು ರೋಗ ಇಲ್ಲದ ಸೊಳ್ಳೆಗಳು, ಗಾಬರಿಯಾಗಬೇಡಿ. ಹೀಗೆ ವರ್ಷಗಟ್ಟಲೆ ತಾಯಿ, ಮಗಳು, ಮೊಮ್ಮಗಳು, ಮರಿಮಗಳು ಎಲ್ಲ ಆ ಒಂದು ಎಡಗೈ ಉಂಡು ಬೆಳೆದವು. ಬರಬರುತ್ತಾ ಅವಕ್ಕೆ ಬೇರೆ ಊಟವೇ ಸೇರದಾಯಿತು. ಅವಳು ಬಾಗಿಲಲ್ಲಿ ಕೆಮ್ಮಿದರೆ ಸಾಕು, ಬಲೆಯ ಮೇಲೆ ಸಾಲಾಗಿ ಬಂದು ಕೂರುತ್ತಿದ್ದವು. ಅವಳು ಮೈ ಇಳಿಸಬೇಕೆಂದು ಅರೆಹೊಟ್ಟೆ ಉಂಡ ತಿಂಗಳು ಸೊಳ್ಳೆಗಳೂ ಸೊಂಟ ಸಣ್ಣ ಮಾಡಿಕೊಂಡವು. ಒಮ್ಮೆ ಅವಳು ನೆಗಡಿಯಾಗಿ ರಜೆ ಹಾಕಿದಾಗ ಕಸ ಗುಡಿಸುವವನು ತನ್ನ ಕೈ ಇಟ್ಟ. ಗುಂಡುಗುಂಡಾಗಿ ಚೆನ್ನಾಗಿ ತುಂಬಿಕೊಂಡ ಕೈ. ಸೊಳ್ಳೆಗಳು ಒಂದೊಂದಾಗಿ ಬಂದು ಮೂಸಿ, ಬೆನ್ನು ತಿರುಗಿಸಿಕೊಂಡು ಹೋದವು. ಆ ಅವಮಾನಕ್ಕೆ ಅವನು ಕೆಲಸವನ್ನೇ ಬಿಟ್ಟ.

ಇದೇ ಫಜೀತಿ ಕೋತಿಗೆ ಕಚ್ಚಿಸುವಾಗಲೂ ಬಂತು. ಕೋತಿಯ ತೋಳು ಬೋಳಿಸಿ ಸೊಳ್ಳೆ ಪೆಟ್ಟಿಗೆ ಒತ್ತಿ ಹಿಡಿದರೆ, ಅವು ಉಪವಾಸ ಸತ್ತರೂ ಮೂತಿ ಇಡಲಿಲ್ಲ. ಕೊನೆಗೆ ಅಕ್ಕ ತನ್ನ ಹೆಗಲ ಮೇಲಿದ್ದ ಟವೆಲಿನಿಂದ ಆ ತೋಳನ್ನು ಉಜ್ಜಿದಳು. ಅವಳ ಬೆವರಿನ ವಾಸನೆ ಬಿದ್ದದ್ದೇ ತಡ, ಮುತ್ತಿಕೊಂಡವು. ಅವತ್ತಿನಿಂದ ಅದೇ ಪದ್ಧತಿ. ಮೊದಲು ಟವೆಲು, ಆಮೇಲೆ ಪೆಟ್ಟಿಗೆ. ಹಳದಿ ಅಂಚಿನ ಟವೆಲು, ಯಾರೂ ಒಗೆಯುವಂತಿಲ್ಲ. ಪೆಟ್ಟಿಗೆ ನನ್ನದು. ಅಂಗೈ ಅಗಲದ ಮರದ ಪೆಟ್ಟಿಗೆ, ಎರಡೂ ಕಡೆ ಬಲೆ. ಒಂದು ಕಡೆಯ ಬಲೆಯೊಳಗಿಂದ ಸೊಳ್ಳೆ ಕಚ್ಚಬೇಕು, ಇನ್ನೊಂದು ಕಡೆಯಿಂದ ಕಚ್ಚುತ್ತಿದೆಯೋ ಇಲ್ಲವೋ ಎಂದು ನಾವು ನೋಡಬೇಕು. ನನ್ನ ಕೈಯಲ್ಲಿ ಆದ ಕೆಲಸಗಳಲ್ಲೆಲ್ಲ ಅದೇ ಒಳ್ಳೆಯದು. ಆಗಬಾರದ್ದೆಲ್ಲ ಆದಮೇಲೂ ಈ ಮಾತನ್ನು ಹಿಂದಕ್ಕೆ ತೆಗೆದುಕೊಂಡಿಲ್ಲ.

ಇನ್ನು ಅತ್ತೆ. ಅತ್ತೆ ಅಂದರೆ ಒಂದು ಮುದಿ ಹೆಣ್ಣು ಕೋತಿ. ಬಂದ ದಿನವೇ ಅದು ಪಂಜರದ ಕಂಬಿಯ ಮೇಲೆ ಬೆರಳು ಎಳೆಯಿತು, ಬೆರಳ ತುದಿಯ ಧೂಳನ್ನು ನೋಡಿತು, ಆ ಬೆರಳನ್ನು ಅಕ್ಕನ ಕಡೆ ಎತ್ತಿ ತೋರಿಸಿತು. ಅಕ್ಕ ಗೋಡೆ ಹಿಡಿದುಕೊಂಡಳು.

"ಅಯ್ಯಯ್ಯೋ, ನಮ್ಮತ್ತೆ ಕಣೋ!"

ಭಾವನ ತಾಯಿ ತೀರಿಕೊಂಡು ಆಗಲೇ ಬಹಳ ವರ್ಷವಾಗಿತ್ತು. ಆಯಮ್ಮ ಅಡುಗೆಮನೆಯ ಕಪಾಟಿನ ಬೀಗದ ಕೈಯನ್ನು ಸೊಂಟದಲ್ಲೇ ಇಟ್ಟುಕೊಂಡಿದ್ದವರು. ಮಗ ಉಂಡು ಎದ್ದ ತಕ್ಷಣ ಕಪಾಟಿಗೆ ಬೀಗ. ಸೊಸೆಗೆ ಪಾತ್ರೆಯ ತಳ ಹತ್ತಿದ್ದು. ಅದೂ ಇಲ್ಲದ ದಿನ ನಮ್ಮಕ್ಕ ನೀರು ಕುಡಿದು ಮಲಗುತ್ತಿದ್ದಳು. ಹೊಟ್ಟೆಯಲ್ಲಿದ್ದ ಕೂಸು ನಿಲ್ಲಲಿಲ್ಲ. ಭಾವ ಆಗೆಲ್ಲ ನಿಮ್ಮ ಹಾಗೇ ಗೋಡೆ ನೋಡುತ್ತಿದ್ದರು.

ಕೋತಿಗೆ ಅತ್ತೆ ಎಂದು ಹೆಸರಿಟ್ಟವಳು ಅಕ್ಕ. ಕಚ್ಚಿಸುವ ದಿನ ಟವೆಲು ಉಜ್ಜುತ್ತಾ ಬಹಳ ವಿನಯದಿಂದ, "ಅತ್ತೇ, ಸೊಸೆ ಊಟ ಹಾಕ್ತಿದ್ದಾಳೆ, ಸ್ವಲ್ಪ ಮೈ ಬಿಟ್ಟುಕೊಡಿ," ಎನ್ನುತ್ತಿದ್ದಳು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎಂದು ಹೇಳಿದ ಹಿರಿಯರಿಗೆ, ಸೊಸೆಯ ಕಾಲ ಬಂದಾಗ ಸೊಳ್ಳೆಯೂ ಜೊತೆಗೆ ಬರುತ್ತದೆ ಎಂಬುದು ಹೊಳೆದಿರಲಿಕ್ಕಿಲ್ಲ.

ಭಾವನಿಗೆ ಮೊದಮೊದಲು ಸಿಟ್ಟು. "ಏನೇ ಇದು, ಸತ್ತವರನ್ನ ಆಡ್ಕೊಳ್ಳೋದಾ?"

"ಎಲ್ರೀ ಸತ್ತಿದ್ದಾರೆ? ಅಲ್ಲೇ ಕೂತು ಧೂಳು ಹುಡುಕ್ತಿದ್ದಾರಲ್ಲ, ಮಾತಾಡಿಸಿ ಹೋಗಿ."

ಭಾವ ತಮಾಷೆಗೆ ಮಾತಾಡಿಸಲು ಹೋದರು. ಅಲ್ಲೇ ಎಡವಿದ್ದು. ಕೋತಿ ಅವರ ಅಂಗಿಯ ಕಾಲರು ಸರಿಮಾಡಿತು. ಕಿವಿಯ ಹಿಂದೆ ಕೊಳೆ ಇದೆಯೇ ಎಂದು ನೋಡಿತು. ಮಾರನೇ ವಾರದಿಂದ ಭಾವ ಅದನ್ನು ಅಮ್ಮ ಎನ್ನತೊಡಗಿದರು. ದಿನಾ ಬೆಳಗ್ಗೆ ಅದರ ಬೆರಳು ಚುಚ್ಚಿ ಒಂದು ಹನಿ ರಕ್ತ ತೆಗೆದು ಗಾಜಿನ ಪಟ್ಟಿಯ ಮೇಲೆ ಸವರಿ ಕೊಡುವುದು ಭಾವನ ಕೆಲಸ. ಬೇರೆ ಕೋತಿಗಳನ್ನು ಇಬ್ಬರು ಒತ್ತಿ ಹಿಡಿಯಬೇಕಿತ್ತು. ಅತ್ತೆಗೆ ಭಾವ ಕಲಿಸಿಬಿಟ್ಟಿದ್ದರು. ಒಂದು ಕೈ ಚುಚ್ಚಲು ಚಾಚುವುದು, ಇನ್ನೊಂದು ಕೈ ಕಡಲೆಕಾಯಿಗೆ ಚಾಚುವುದು. ಸೂಜಿ ಕಂಡರೆ ಎರಡೂ ಕೈ ತಾವಾಗಿ ಹೊರಗೆ ಬರುತ್ತಿದ್ದವು.

ಆ ರಕ್ತದ ಪಟ್ಟಿಗಳನ್ನು ನೋಡುತ್ತಿದ್ದವರು ನಿಧಾನ ಮೇಡಂ. ಎಲ್ಲದಕ್ಕೂ "ನಿಧಾನ, ನಿಧಾನ" ಎನ್ನುತ್ತಿದ್ದರಿಂದ ಆ ಹೆಸರು. ತುಂಬಾ ಮೃದು ಹೆಂಗಸು. ಕೋತಿಯನ್ನು ಕೊಯ್ಯುವ ಮೊದಲು ತಲೆ ಸವರಿ "ಥ್ಯಾಂಕ್ಸ್ ಪುಟ್ಟ" ಎನ್ನದೆ ಚಾಕು ಮುಟ್ಟಿದವರಲ್ಲ.

ಮೇಡಂ ಒಂದು ಹೊಸ ಔಷಧಿ ನೋಡುತ್ತಿದ್ದರು. ಈ ಜಾತಿಯ ಮಲೇರಿಯಾ ಹೇಗೆಂದರೆ, ಜ್ವರ ಬಿಟ್ಟಿತು ಎಂದು ನಾವು ಕೈ ತೊಳೆದುಕೊಂಡಾಗ ರೋಗಾಣು ಲಿವರಿನಲ್ಲಿ ಮುಸುಕು ಹಾಕಿ ಮಲಗಿರುತ್ತದೆ. ಯಾವಾಗಲೋ ಎದ್ದು ಬಂದು ಮತ್ತೆ ನಡುಗಿಸುತ್ತದೆ. ಹಾಗೆ ಮಲಗಿದ್ದನ್ನು ಕೊಲ್ಲುವ ಔಷಧಿ ಅದು. ಅತ್ತೆಗೆ ಬಾಳೆಹಣ್ಣಿನಲ್ಲಿಟ್ಟು ತಿನ್ನಿಸಿದರು. ಜ್ವರ ಮತ್ತೆ ಬಂದರೆ ಔಷಧಿ ಸೋತ ಹಾಗೆ, ಕೋತಿಯನ್ನು ಮುಂದಿನ ಔಷಧಿಗೆ ಉಳಿಸಿಕೊಳ್ಳುತ್ತಾರೆ. ಜ್ವರ ಬರಲೇ ಇಲ್ಲವೆಂದರೆ ಔಷಧಿ ಗೆದ್ದ ಹಾಗೆ. ಗೆದ್ದದ್ದು ಖಚಿತವೇ ಎಂದು ತಿಳಿಯಲು ಕೋತಿಯನ್ನು ಕೊಂದು ಲಿವರ್ ನೋಡಬೇಕು. ವಾಸಿಯಾದವರಿಗೆ ಚಾಕು, ರೋಗಿಗೆ ಆಯುಷ್ಯ. ಅಲ್ಲಿನ ನ್ಯಾಯವೇ ಹಾಗೆ.

ಅತ್ತೆಗೆ ವಾಸಿಯಾಗಿಬಿಟ್ಟಿತು.

ದಿನಾ ಪಟ್ಟಿ ಶುಭ್ರ. ಮೇಡಂ ಎಲ್ಲರಿಗೂ ಬಿಸ್ಕತ್ತು ಹಂಚಿದರು. "ಇನ್ನೊಂದು ವಾರ ನೋಡೋಣ, ನಿಧಾನ. ಆಮೇಲೆ ತೆಗೆದುಬಿಡೋಣ," ಎಂದರು. ಭಾವ ಆ ಬಿಸ್ಕತ್ತನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದರು, ಅದು ಬೆವರಿಗೆ ಮೆತ್ತಗಾಗಿ ನೆಲಕ್ಕೆ ಬೀಳುವ ತನಕ. ಪಂಜರದೊಳಗೆ ಅತ್ತೆ ಒಳ್ಳೆ ಮದುವಣಗಿತ್ತಿಯ ಹಾಗೆ ಮಿನುಗುತ್ತಿತ್ತು.

"ಅಮ್ಮಂಗೆ ಜ್ವರ ಬರ್ಬೇಕು ಕಣೋ," ಎಂದರು ನನಗೆ.

"ಬೇಡ್ಕೊಳ್ಳಿ ಭಾವ."

"ಬೇಡ್ಕೊಂಡ್ರೆ ಬರಲ್ಲ. ಕಚ್ಚಿಸಬೇಕು."

ರೋಗ ತುಂಬಿದ ಸೊಳ್ಳೆಗಳು ಸೊಳ್ಳೆ ಕೋಣೆಯೊಳಗಿನ ಇನ್ನೊಂದು ಸಣ್ಣ ಕೋಣೆಯಲ್ಲಿ. ಅದಕ್ಕೆ ಬೀಗ. ಬೀಗದ ಕೈ ಅಕ್ಕನ ಸೊಂಟದಲ್ಲಿ. ಹೌದು, ಸೊಂಟದಲ್ಲೇ. ನಾನೂ ಅದನ್ನು ಗಮನಿಸಿದ್ದೆ.

ಎಲ್ಲರೂ ಊಟಕ್ಕೆ ಹೋದ ಹೊತ್ತು. ನಾನು ಕೋತಿ ಕೋಣೆಯಲ್ಲಿ ಒಂದು ಪಂಜರದ ಬಾಗಿಲಿಗೆ ಎಣ್ಣೆ ಬಿಡುತ್ತಿದ್ದೆ, ಆದ್ದರಿಂದ ಇದು ಕೇಳಿದ ಮಾತಲ್ಲ, ಕಂಡದ್ದು. ಭಾವ ಅಕ್ಕನನ್ನು ಅಲ್ಲಿಗೇ ಕರೆದುಕೊಂಡು ಬಂದರು.

"ಒಂದು ಪೆಟ್ಟಿಗೆ ಕೊಡೇ. ರೋಗದ್ದು."

"ಯಾರಿಗೆ?"

"ಅಮ್ಮಂಗೆ."

"ಯಾವ ಅಮ್ಮಂಗೆ? ಊಟಕ್ಕೆ ಬೀಗ ಹಾಕ್ತಿದ್ದರಲ್ಲ, ಆ ಅಮ್ಮಂಗಾ?"

ಅಕ್ಕ ಪಂಜರದ ಮುಂದೆ ಸ್ಟೂಲು ಎಳೆದುಕೊಂಡು ಕೂತಳು.

"ಕೊಡ್ತೀನಿ. ಬೀಗದ ಕೈ ಇರೋದೇ ಕೊಡೋಕೆ. ಆದ್ರೆ ಒಂದು ಮಾತು ಹೇಳಿ. ಅವರ ಮುಖ ನೋಡ್ಕೊಂಡು ಹೇಳಿ. ನಿನ್ನ ಸೊಸೆಗೆ ನೀನು ಹೊಟ್ಟೆಗೆ ಹಾಕಲಿಲ್ಲ, ನಾನು ನೋಡ್ಕೊಂಡು ಸುಮ್ನೆ ಇದ್ದೆ ಅಂತ."

"ಅದು ಕೋತಿ ಕಣೇ!"

"ಓಹೋ. ಈಗ ಕೋತಿ ಆಯ್ತಾ? ಹಾಗಾದ್ರೆ ಸಾಯ್ಲಿ ಬಿಡಿ, ಕೋತಿ ತಾನೇ."

ಭಾವ ಪಂಜರದ ಕಂಬಿ ಹಿಡಿದರು. ಆಮೇಲೆ ಹೇಳಿದರು. ಪೂರ್ತಿ ಹೇಳಿದರು. ಕೂಸಿನ ಮಾತನ್ನೂ ತಾವಾಗಿಯೇ ಸೇರಿಸಿದರು, ಅದನ್ನು ಅಕ್ಕ ಕೇಳಿರಲಿಲ್ಲ. ಅತ್ತೆ ಎಲ್ಲವನ್ನೂ ಕೇಳಿಸಿಕೊಂಡು, ಗೋಡೆಯ ಕಡೆ ತಿರುಗಿ ಕೂತಿತು. ಭಾವ ಗೊಳೋ ಎಂದು ಅತ್ತರು. ಅಷ್ಟು ದೊಡ್ಡ ಆಳು ಮೂಗು ಸೋರಿಸಿಕೊಂಡು ಅಳುವುದನ್ನು ನೋಡಿ ನಾನು ಇನ್ನಷ್ಟು ಎಣ್ಣೆ ಬಿಟ್ಟೆ. ಅಕ್ಕ ಎದ್ದಳು. ಎಷ್ಟೋ ವರ್ಷಗಳಿಂದ ಗಂಡನನ್ನು ಮುಟ್ಟದಿದ್ದವಳು ಹತ್ತಿರ ಹೋಗಿ, ಹೆಗಲ ಮೇಲಿದ್ದ ಟವೆಲು ತೆಗೆದು, ಹಣೆ, ಕೆನ್ನೆ, ಮೂಗು, ಗದ್ದ ಎಲ್ಲವನ್ನೂ ನಿಧಾನವಾಗಿ ಒರೆಸಿದಳು.

"ಆಯ್ತು ಬಿಡಿ," ಎಂದಳು.

ಆ ಟವೆಲಿನಿಂದಲೇ. ಹೌದು, ಹಳದಿ ಅಂಚಿನದು.

ಪೆಟ್ಟಿಗೆ ತಂದುಕೊಟ್ಟು ಅವಳು ಊಟಕ್ಕೆ ಹೋದಳು. ಟವೆಲು ಅವಳ ಹೆಗಲ ಮೇಲೇ ಹೋಯಿತು. ಭಾವನಿಗೆ ಅವಸರ. ಮೊದಲು ಟವೆಲು, ಆಮೇಲೆ ಪೆಟ್ಟಿಗೆ ಎಂಬ ಪದ್ಧತಿ ಅವರ ತಲೆಯಿಂದ ಹಾರಿಹೋಗಿತ್ತು. ಅತ್ತೆ ಎಂದಿನಂತೆ ಕೈ ಚಾಚಿತು. ಭಾವ ಪೆಟ್ಟಿಗೆಯ ಒಂದು ಬಲೆಯನ್ನು ಅದರ ತೋಳಿಗೆ ಒತ್ತಿದರು, ಕಚ್ಚುತ್ತಿವೆಯೇ ಎಂದು ನೋಡಲು ಇನ್ನೊಂದು ಬಲೆಗೆ ತಮ್ಮ ಮುಖ ಒತ್ತಿದರು.

ಸೊಳ್ಳೆಗಳು ಅತ್ತೆಯ ತೋಳನ್ನು ಮೂಸಿದವು. ಬೆನ್ನು ತಿರುಗಿಸಿದವು. ಒಟ್ಟಾಗಿ ಈ ಕಡೆ ಬಂದು ನಮ್ಮ ಭಾವನ ಮುಖದ ಮೇಲೆ ಊಟಕ್ಕೆ ಕೂತವು.

"ಭಾವ, ಅವು ಈ ಕಡೆ..." ಎಂದೆ.

"ಶ್! ಅಲ್ಲಾಡ್ಬೇಡ, ಕಚ್ತಿವೆ," ಎಂದರು. ಸಂತೋಷದಲ್ಲಿ ಮನುಷ್ಯನಿಗೆ ಯಾರನ್ನು ಕಚ್ಚುತ್ತಿದೆ ಎಂದೂ ತಿಳಿಯುವುದಿಲ್ಲ.

ಅಕ್ಕ ಪ್ರೀತಿಯಿಂದ ಒರೆಸಿದಳೋ, ಲೆಕ್ಕ ಹಾಕಿ ಒರೆಸಿದಳೋ, ನಾನು ಕೇಳಿಲ್ಲ. ಆ ಟವೆಲು ಏನು ಮಾಡುತ್ತದೆ ಎಂದು ಆ ಕಟ್ಟಡದಲ್ಲಿ ಅವಳಿಗಿಂತ ಚೆನ್ನಾಗಿ ತಿಳಿದವರು ಇರಲಿಲ್ಲ, ಅಷ್ಟು ಮಾತ್ರ ಹೇಳಬಲ್ಲೆ. ಸೇಬು ಸಿಹಿಯಾಗಿದೆ, ನೀವೂ ಒಂದು ತಗೊಳ್ಳಿ.

ಮೇಡಂ ಹೇಳಿದ ವಾರಕ್ಕೆ ಇನ್ನೂ ಒಂದೆರಡು ವಾರ ಸೇರಿತು, ಅವರ ಸ್ವಭಾವವೇ ಹಾಗೆ. ಅಷ್ಟರಲ್ಲಿ ಒಂದು ಮಧ್ಯಾಹ್ನ ಭಾವ ಕೋತಿ ಕೋಣೆಯಲ್ಲಿ ನಡುಗತೊಡಗಿದರು. ಹಲ್ಲು ಕಟಕಟ ಎನ್ನುವುದು ಕೇಳಿ ಪಂಜರಗಳ ಕೋತಿಗಳೆಲ್ಲ ತಮ್ಮನ್ನು ಅಣಕಿಸುತ್ತಿದ್ದಾರೆ ಎಂದುಕೊಂಡು ಹಲ್ಲು ತೋರಿಸಿದವು. ನಾನು ಹೊದಿಕೆ ಹುಡುಕಲು ಹೊರಟೆ. ಭಾವ ನನ್ನ ಕೈ ಹಿಡಿದರು. ಮುಖದಲ್ಲಿ ಸಂಬಳ ಹೆಚ್ಚಾದವನ ಕಳೆ.

"ಬಂತು ಕಣೋ! ಜ್ವರ ಬಂತು!"

"ನಿಮಗಲ್ವಾ ಬಂದಿದ್ದು?"

"ಯಾರಿಗೆ ಬಂದ್ರೇನು, ಪಟ್ಟಿಗೆ ಬೇಕಾಗಿರೋದು ರಕ್ತ ತಾನೆ!"

ತಮ್ಮ ಬೆರಳು ಚುಚ್ಚಿಕೊಂಡು ಪಟ್ಟಿಯ ಮೇಲೆ ಸವರಿ, ಅತ್ತೆಯದು ಎಂದು ಕೊಟ್ಟರು. ಮೇಡಂ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರು, ಕಣ್ಣು ತೆಗೆಯಲಿಲ್ಲ. ರೋಗಾಣುಗಳ ಸಂತೆ ನೆರೆದಿತ್ತು. ಔಷಧಿ ಸೋತಿತ್ತು. ಮೇಡಂ ಬೇಜಾರಾಗಿ ಉಳಿದ ಬಾಟಲಿಗಳನ್ನೆಲ್ಲ ತಾವೇ ಸಿಂಕಿಗೆ ಸುರಿದರು. ಆ ಸಿಂಕಿನ ಕೆಳಗಿನ ಜಿರಳೆಗಳಿಗೆ ಇವತ್ತಿನವರೆಗೂ ಮಲೇರಿಯಾ ಬಂದಿಲ್ಲ, ಬೇಕಾದರೆ ಹೋಗಿ ವಿಚಾರಿಸಿ.

ಅತ್ತೆ ಉಳಿಯಿತು. ಆದರೆ ಅತ್ತೆ ಉಳಿಯಬೇಕಾದರೆ ಭಾವ ಮಲಗಬಾರದು, ಮಾತ್ರೆ ನುಂಗಬಾರದು. ಮನೆಯಲ್ಲಿ ಅವರು ನಡುಗಿದರೆ ಮಂಚದ ಜೊತೆ ಪಾತ್ರೆಯ ಕಪಾಟೂ ಕುಣಿಯುತ್ತಿತ್ತು. ಮಂಚದ ಕಾಲು ಎರಡು ಸಲ ರಿಪೇರಿ ಮಾಡಿದ್ದೇನೆ.

"ಮಾತ್ರೆ ತಗೊಳ್ರೀ," ಎಂದಳು ಅಕ್ಕ.

"ತಗೊಂಡ್ರೆ ಅಮ್ಮ ಹೋಗ್ತಾಳೆ."

"ನಿಮ್ಮಮ್ಮ ಹೋಗಿ ಎಷ್ಟು ವರ್ಷ ಆಯ್ತು!"

"ಅವಾಗ ನಾನು ಹತ್ತಿರ ಇರಲಿಲ್ಲ ಕಣೇ."

"ನಂಗೆ ಬೇಕಾದಾಗ್ಲೂ ಇರಲಿಲ್ಲ ಬಿಡಿ," ಎಂದು ಅಕ್ಕ ದೀಪ ಆರಿಸಿದಳು.

ದಿನಾ ಬೆಳಗ್ಗೆ ಭಾವನ ರಕ್ತ ಅತ್ತೆಯ ಹೆಸರಿನಲ್ಲಿ ಮೇಡಂ ಮೇಜಿಗೆ ಹೋಗುತ್ತಿತ್ತು. ಭಾವ ಬಿಳುಚಿಕೊಂಡರು, ಕಣ್ಣು ಹಳದಿಯಾಯಿತು, ಅತ್ತೆ ಕಡಲೆಕಾಯಿ ತಿಂದು ದುಂಡಗಾಯಿತು. ಪಟ್ಟಿಯಲ್ಲಿ ಅಷ್ಟು ರೋಗ, ಪಂಜರದಲ್ಲಿ ಇಷ್ಟು ಆರೋಗ್ಯ! ಮೇಡಂ ದಂಗಾದರು. ಹಗಲೆಲ್ಲ ಪಂಜರದ ಮುಂದೆ ಕೂತರು. ಒಂದು ದಿನ ಎದ್ದು ಕೈ ಒರೆಸಿಕೊಂಡರು.

"ಇಂಥ ಕೋತಿ ಪ್ರಪಂಚದಲ್ಲೇ ಇರಲಿಕ್ಕಿಲ್ಲ. ಇಷ್ಟು ರೋಗ ಹೊತ್ತುಕೊಂಡು ಹೀಗಿದೆ ಅಂದ್ರೆ ಅದರ ಲಿವರ್ ಹೇಗಿರಬೇಕು! ನಾಳೆ ಬೆಳಗ್ಗೆ ನೋಡಿಬಿಡೋಣ."

ನಿಧಾನ ಮೇಡಂ ಅವಸರ ಮಾಡಿದ್ದು ಅದೊಂದೇ ಸಲ.

ಭಾವ ನನ್ನ ಮುಖ ನೋಡಿದರು. ನಾನೇನು ಹೇಳಲಿ? ನಿಜ ಹೇಳಿದರೆ ಅತ್ತೆಗೆ ವಾಸಿಯಾಗಿದೆ ಎಂದಾಯಿತು, ವಾಸಿಯಾದವರಿಗೆ ಚಾಕು. ಸುಮ್ಮನಿದ್ದರೆ ಅತ್ತೆ ಪ್ರಪಂಚದ ಅದ್ಭುತ, ಅದ್ಭುತಕ್ಕೂ ಚಾಕು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದು ಎಲ್ಲರೂ ನಗುತ್ತಾರೆ. ಆ ಎಮ್ಮೆಯನ್ನು ಅಮ್ಮ ಎಂದು ಕರೆದವರನ್ನು ಯಾರೂ ಕೇಳಿಲ್ಲ.

ಬೆಳಗ್ಗೆ ಮೇಡಂ ಸೂಜಿ ತಂದರು, ಮಲಗಿಸಿ ಏಳಿಸದ ಸೂಜಿ. "ನೀವೇ ಹತ್ತಿರ ನಿಲ್ಲಿ, ನಿಮ್ಮ ಹತ್ತಿರ ಅದಕ್ಕೆ ಸಲಿಗೆ," ಎಂದರು ಭಾವನಿಗೆ. ಸೂಜಿ ಕಂಡದ್ದೇ ಅತ್ತೆ ಎರಡೂ ಕೈ ಹೊರಗೆ ಚಾಚಿತು. ಒಂದು ಚುಚ್ಚಲು, ಒಂದು ಕಡಲೆಕಾಯಿಗೆ. ಮೇಡಂ ತಲೆ ಸವರಿ, "ಥ್ಯಾಂಕ್ಸ್ ಪುಟ್ಟ," ಎಂದು ಚುಚ್ಚಿದರು. ಭಾವನಿಗೆ ಅದೇ ಹೊತ್ತಿಗೆ ನಡುಕ ಏರಿತ್ತು. ಕಡಲೆಕಾಯಿ ಬೆರಳಿನಿಂದ ಜಾರಿ ನೆಲಕ್ಕೆ ಬಿತ್ತು. ಅತ್ತೆ ಕೈ ಚಾಚಿ ಕಡಲೆಕಾಯಿ ಬಿದ್ದ ನೆಲದ ಮೇಲೆ ಬೆರಳು ಎಳೆಯಿತು, ಬೆರಳ ತುದಿ ನೋಡಿತು, ಆ ಬೆರಳನ್ನು ಭಾವನ ಕಡೆ ಎತ್ತಿ ತೋರಿಸುತ್ತಾ ಕಣ್ಣು ಮುಚ್ಚಿತು.

ಲಿವರ್ ತೊಳೆದಿಟ್ಟ ತಟ್ಟೆಯ ಹಾಗಿತ್ತು. ಒಂದು ರೋಗಾಣುವೂ ಇಲ್ಲ.

ಮೇಡಂ ದಡ್ಡರಲ್ಲ. ಲಿವರ್ ನೋಡಿದರು, ಮೂಲೆಯಲ್ಲಿ ಕುಕ್ಕರಿಸಿ ನಡುಗುತ್ತಿದ್ದ ಭಾವನನ್ನು ನೋಡಿದರು, ಸೂಜಿ ಎತ್ತಿಕೊಂಡು ಹತ್ತಿರ ಬಂದರು. ಭಾವ ಏನೂ ಕೇಳದೆ ಕೈ ಚಾಚಿದರು. ಅಭ್ಯಾಸಬಲ ನೋಡಿ, ಇನ್ನೊಂದು ಕೈಯೂ ಮುಂದೆ ಬಂತು. ಮೇಡಂ ಅದರಲ್ಲಿ ಒಂದು ಕಡಲೆಕಾಯಿ ಇಟ್ಟರು. ಅವರದೂ ಅಭ್ಯಾಸವೇ.

ಬೈಯುತ್ತಾರೆ ಎಂದುಕೊಂಡಿದ್ದೆವು. ಇಲ್ಲ. ಪಟ್ಟಿ ನೋಡಿ ಎದ್ದವರ ಕಣ್ಣಲ್ಲಿ ನೀರು. "ಕೋತಿಯ ರೋಗಾಣು ಮನುಷ್ಯನೊಳಗೆ ಎಷ್ಟು ಚೆನ್ನಾಗಿ ಬಂದಿದೆ ನೋಡಿ! ನೀವು ಏನು ಮಾಡಿದ್ದೀರಿ ಅಂತ ನಿಮಗೇ ಗೊತ್ತಿಲ್ಲ!"

"ಮೇಡಂ, ಅಮ್ಮಂಗೆ ಕೊಟ್ಟಿದ್ರಲ್ಲ, ಆ ಔಷಧಿ..." ಎಂದರು ಭಾವ.

"ಅದನ್ನ ಸಿಂಕಿಗೆ ಹಾಕಿಬಿಟ್ವಲ್ಲ. ಬೇರೆ ಮಾತ್ರೆ ಕೊಡೋಣ, ನಿಧಾನ. ಎರಡು ದಿನ ತಡ್ಕೊಳ್ಳಿ. ಮಾತ್ರೆ ಬಿದ್ರೆ ರೋಗಾಣು ಹೋಗಿಬಿಡುತ್ತೆ, ಅದಕ್ಕೆ ಮೊದಲು ಸೊಳ್ಳೆಗೆ ಕುಡಿಸೋಣ."

ಪೆಟ್ಟಿಗೆ ತರಲು ಅಕ್ಕನಿಗೆ ಹೇಳಿ ಕಳುಹಿಸಿದರು. ಅಕ್ಕ ಬಂದಳು. ಅತ್ತೆಯ ಖಾಲಿ ಪಂಜರ ನೋಡಿದಳು, ಅದರ ಪಕ್ಕದ ಬೆಂಚಿನ ಮೇಲೆ ಮಲಗಿದ್ದ ಗಂಡನನ್ನು ನೋಡಿದಳು. ಅವರ ಅಂಗಿ ಬಿಚ್ಚಿ, ತನ್ನ ಹೆಗಲಿನಿಂದ ಟವೆಲು ತೆಗೆದು, ತೋಳು ಎದೆ ಎಲ್ಲ ಉಜ್ಜಿದಳು. ಈ ಸಲ ಪದ್ಧತಿ ತಪ್ಪಲಿಲ್ಲ.

"ಊಟ ಹಾಕ್ತಿದ್ದೀನಿ. ಸ್ವಲ್ಪ ಮೈ ಬಿಟ್ಟುಕೊಡಿ," ಎಂದಳು.

ಭಾವ ಬಿಟ್ಟುಕೊಟ್ಟರು. ಎರಡು ದಿನವೂ ಬಿಟ್ಟುಕೊಟ್ಟರು. ಸೊಳ್ಳೆಗಳು ಉಂಡು ಕೆಂಪು ಮಣಿಗಳ ಹಾಗೆ ಊದಿಕೊಂಡವು. ಆಮೇಲೆ ಮೇಡಂ ಹೇಳಿದ ಮಾತಿಗೆ ಸರಿಯಾಗಿ ಮಾತ್ರೆ ಬಂತು, ನೀರೂ ಬಂತು, ನುಂಗುವವರು ಇರಲಿಲ್ಲ. ಮುಷ್ಟಿಯಲ್ಲಿ ಆ ಕಡಲೆಕಾಯಿ ಹಾಗೇ ಇತ್ತು. ಅವರ ಕೊನೆಯ ಪೆಟ್ಟಿಗೆಯನ್ನೂ ನಾನೇ ಮಾಡಿದೆ. ಅದಕ್ಕೆ ಬಲೆ ಹಾಕಲಿಲ್ಲ.

ಅತ್ತಳೇ ಎಂದು ಕೇಳುತ್ತೀರಾ? ಅತ್ತಳು. ಯಾವ ಟವೆಲಿನಲ್ಲಿ ಕಣ್ಣು ಒರೆಸಿಕೊಂಡಳು ಎಂದು ಕೇಳಬೇಡಿ.

ಸರಿಯಾಗಿ ನೋಡಿದರೆ ಅವಳು ಪೂರ್ತಿ ವಿಧವೆಯೂ ಅಲ್ಲ, ಇದನ್ನು ನಿಮಗೆ ಹೇಳಲೇಬೇಕು. ಭಾವನ ರಕ್ತದಿಂದ ತೆಗೆದ ರೋಗಾಣು ಗಾಜಿನ ನಳಿಗೆಯಲ್ಲಿ ಹೆಪ್ಪುಗಟ್ಟಿಕೊಂಡು ಫ್ರೀಜರಿನಲ್ಲಿದೆ. ಮೇಡಂ ಅದಕ್ಕೆ ಭಾವನ ಹೆಸರನ್ನೇ ಇಟ್ಟಿದ್ದಾರೆ, ದೊಡ್ಡ ಮನಸ್ಸು. ಆಗಾಗ ಕರಗಿಸಿ ಯಾವುದಾದರೂ ಕೋತಿಗೆ ಹಾಕುತ್ತಾರೆ. ಅಂಥ ದಿನ ಅಕ್ಕ ಮನೆಗೆ ಬಂದು ಚಪ್ಪಲಿ ಬಿಡುತ್ತಾ, "ಇವತ್ತು ನಮ್ಮನೆಯವರನ್ನ ಎಬ್ಬಿಸಿದ್ವಿ ಕಣೋ," ಎನ್ನುತ್ತಾಳೆ. ಆ ದಿನ ಅವಳ ಊಟ ಚೆನ್ನಾಗಿ ಸೇರುತ್ತದೆ. ಕಪಾಟಿಗೆ ಬೀಗ ಹಾಕುವುದಿಲ್ಲ. ಉಳಿದ ದಿನ ಹಾಕುತ್ತಾಳೆ, ಅದಕ್ಕೇ ನಿಮ್ಮ ಸೇಬನ್ನು ನಾನು ಈಗಲೇ ತಿನ್ನುತ್ತಿರುವುದು.

ಹೋದ ವಾರ ಹೊಸ ಕೋತಿ ಬಂದಿದೆ. ಗಂಡು. ನಡು ವಯಸ್ಸು, ಗಂಭೀರ, ಮೂಗು ಸ್ವಲ್ಪ ನಿಮ್ಮ ಮೂಗಿನ ಹಾಗೇ. ಅಕ್ಕ ಇನ್ನೂ ಅದಕ್ಕೆ ಹೆಸರಿಟ್ಟಿಲ್ಲ. ಯೋಚನೆ ಮಾಡುತ್ತಿದ್ದಾಳೆ. ಬಾಗಿಲಲ್ಲಿ ನಿಮ್ಮನ್ನು ಕಂಡಾಗಲೂ ಒಂದು ಗಳಿಗೆ ಯೋಚನೆ ಮಾಡಿದ ಹಾಗೆ ಕಾಣಿಸಿತು.

ಅರೆ, ಎಷ್ಟು ಬೆವೆತಿದ್ದೀರಿ! ಅಕ್ಕಾ, ಇವರಿಗೆ ಸೆಖೆ ಆಗ್ತಿದೆ ನೋಡೇ, ಚಹಾ ಆಮೇಲೆ ತಾ, ಮೊದಲು ಮುಖ ಒರೆಸ್ಕೊಳ್ಳೋಕೆ ಏನಾದ್ರೂ ಕೊಡು. ನೋಡಿದಿರಾ, ಹೇಳುವ ಮೊದಲೇ ಹಿಡಿದುಕೊಂಡು ಬಂದಳು, ಇಂಥ ಹೆಂಗಸು ಸಿಗುವುದು ಕಷ್ಟ. ತಗೊಳ್ಳಿ, ಸಂಕೋಚ ಪಡಬೇಡಿ. ಅಂಚು ನೋಡಬೇಡಿ ಸ್ವಾಮಿ, ಈ ಮನೆಯ ಟವೆಲುಗಳೆಲ್ಲ ಹಳದಿ ಅಂಚಿನವೇ. ಯಾಕೆ ಎದ್ದಿರಿ? ಚಪ್ಪಲಿ ಅದು ನನ್ನದು, ನಿಮ್ಮದು ಆ ಕಡೆ. ಅಯ್ಯೋ, ಮುಖ ಒರೆಸಿಕೊಂಡಾದರೂ ಹೋಗಿ, ಇದು ನಿನ್ನೆಯಷ್ಟೇ ಒಗೆದದ್ದು, ಹೊರಗಿನ ಸೊಳ್ಳೆಗಳಿಗೆ ಅಕ್ಕನ ವಾಸನೆ ಇನ್ನೂ ಅಷ್ಟಾಗಿ ಗೊತ್ತಿಲ್ಲ.